ಬಾಗಲೂರಿನ ಸೈಕಲ್ ರಿಪೇರಿಯವರು

ಬಾಗಲೂರಿನ ಸೈಕಲ್ ರಿಪೇರಿಯವರು ಎಂಥ ಸೈಕಲ್ ಬಂದರೂ ಮೊದಲು ಅದರ ಚಕ್ರ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದರು. ಆಮೇಲೆ ಒಂದೇ ಮಾತು: "ಇನ್ನೂ ಉಸುರೈತೆ ಕಣ್ಲಾ."

ಎಂಬತ್ತರ ದಶಕದಲ್ಲಿ ನನಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಪ್ಪನ ಹಳೇ ಸೈಕಲ್ಲಿಗೆ ಹೊಸ ಚೈನು, ಟೈರು ಹಾಕಿಸುವುದೋ, ಹೊಸ ಸೈಕಲ್ಲನ್ನೇ ಕೊಳ್ಳುವುದೋ ಎಂದು ಅವರನ್ನು ಕೇಳಿದೆ. ಅವರು ಹೊಸೂರಿನ ಅಂಗಡಿಯಿಂದ ಒಂದು ಹೊಸ ಸೈಕಲ್ ತರಿಸಿದರು.

"ಕೆರೆ ಏರಿ ಗಂಟ ನೀನು ಇದನ್ನ ತುಳ್ದು ನೋಡ್ಲಾ. ನಾನು ನಿಮ್ಮಪ್ಪನ್ ಸೈಕಲ್ನಾಗೆ ಬತ್ತೀನಿ."

ನಾನು ಏದುಸಿರು ಬಿಡುತ್ತಾ ಕೆರೆ ಏರಿಯನ್ನು ತಲುಪುವಷ್ಟರಲ್ಲಿ ಅವರು ಅಲ್ಲಿ ಕೂತು ಅರ್ಧ ಬೀಡಿ ಸೇದಿ ಮುಗಿಸಿದ್ದರು. ನಾಚಿಕೆಯಾಗಿ ಹಳೆಯದನ್ನೇ ರಿಪೇರಿಗೆ ಬಿಟ್ಟೆ.

ಮರುವಾರ ಅವರು ಅದೇ ಹೊಸ ಸೈಕಲ್ಲಿನಲ್ಲಿ ಗಾಳಿಯಂತೆ ಬಂದು ಇಳಿದರು.

"ಏನಣ್ಣಾ, ಅವತ್ತು ಇದು ಕಲ್ಲಿನಂಗಿತ್ತಲ್ಲಾ?"

"ಅವತ್ತು ನಾನೇ ಬ್ರೇಕು ಒಸಿ ಬಿಗಿ ಮಾಡ್ಬುಟ್ಟಿದ್ದೆ ಕಣ್ಲಾ," ಎಂದರು, ನಗು ಮರೆಮಾಡದೆ. "ನಂಗೂ ಒಂದು ಹೊಸಾದು ಬೇಕಿತ್ತು. ಅಂಗ್ಡೀನಾಗೆ ಇದ್ದಿದ್ದು ಇದೊಂದೇ."

ಸಿಟ್ಟು ಬಂತು. ಆದರೆ ಜಗಳವಾಡಲು ಮುಂದೆಂದೂ ಕಾರಣ ಸಿಗಲಿಲ್ಲ. ಅವರು ರಿಪೇರಿ ಮಾಡಿಕೊಟ್ಟ ಅಪ್ಪನ ಸೈಕಲ್ ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕಾರ್ಖಾನೆಗೆ ತಡಮಾಡಿಸಲಿಲ್ಲ.