ರೋಮಿನ ಸ್ನಾನಗೃಹ, ಒಡೆಯರ ಹಂಡೆ

ರೋಮಿನ ಹಾಳುಬಿದ್ದ ಸ್ನಾನಗೃಹಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಾಪ, ಅವು ನನಗೇನೂ ಮಾಡಿಲ್ಲ. ಅವುಗಳನ್ನು ಹೊಗಳಿದ ಬಾಯಿಯ ಮೇಲಿನ ಸಿಟ್ಟು ಅದು.

ಅರವತ್ತರ ದಶಕದ ಮಾತು. ತೀರ್ಥಹಳ್ಳಿಯ ನಮ್ಮ ಹೈಸ್ಕೂಲಿಗೆ ಒಡೆಯರ ತಮ್ಮ ಭಾಷಣಕ್ಕೆ ಬಂದಿದ್ದರು. ಒಡೆಯರೆಂದರೆ ನನ್ನ ಅಪ್ಪ ಆಳಾಗಿ ದುಡಿಯುತ್ತಿದ್ದ ಮನೆಯ ಯಜಮಾನರು. ಈ ತಮ್ಮ ಆಗಷ್ಟೇ ಇಟಲಿ ನೋಡಿಕೊಂಡು ಬಂದಿದ್ದರು. ಫೋಟೊಗಳನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಮುರಿದ ಗೋಡೆ, ಹುಲ್ಲು ಬೆಳೆದ ಕುಸ್ತಿಯ ಅಂಗಳ, ಸಾಲಾಗಿ ನಿಂತ ಇಟ್ಟಿಗೆಯ ಗಿಡ್ಡ ಕಂಬಗಳು. ಆ ಕಂಬಗಳ ಮೇಲೆ ನೆಲವಿತ್ತಂತೆ, ಕೆಳಗೆ ಬೆಂಕಿಯ ಕಾವು ಹರಿಯುತ್ತಿತ್ತಂತೆ. ಮೈಗೆ ಎಣ್ಣೆ ಹಚ್ಚಿ, ಚೆಂಡಾಡಿ, ಕುಸ್ತಿ ಹಿಡಿದು, ಆಮೇಲೆ ಬಿಸಿನೀರಿಗೆ ಇಳಿಯುತ್ತಿದ್ದರಂತೆ.

"ಬಡವ ಬಲ್ಲಿದ ಎಲ್ಲ ಒಂದೇ ನೀರಲ್ಲಿ! ನಾಗರಿಕತೆ ಅಂದ್ರೆ ಅದು," ಎಂದರು.

ನನಗೆ ಮೈ ಉರಿಯಿತು. ಅವರ ಎಣ್ಣೆಸ್ನಾನಕ್ಕೆ ದಿನಾ ಹಂಡೆಯ ಒಲೆ ಉರಿಸುತ್ತಿದ್ದವನು ನನ್ನ ಅಪ್ಪ. ವಾತದಿಂದ ಅಪ್ಪನ ಮಂಡಿ ಊದಿತ್ತು, ಚೆನ್ನಾಗಿ ಬಿಸಿನೀರು ಹುಯ್ದುಕೋ ಎಂದು ಪಂಡಿತರು ಹೇಳಿದ್ದರು. ನಮ್ಮ ಗುಡಿಸಲಿನ ಮಡಕೆಯಲ್ಲಿ ಕಾಯುತ್ತಿದ್ದದ್ದು ನಾಲ್ಕೇ ಚೆಂಬು.

ಹುಡುಗಿಯರ ಬೆಂಚಿನಿಂದ ಎದ್ದು ನಿಂತು ಕೇಳಿಬಿಟ್ಟೆ. "ಹಂಗಾದ್ರೆ ನಿಮ್ಮನೆ ಬಚ್ಚಲಲ್ಲಿ ನಮ್ಮಪ್ಪಂಗೂ ಬಿಸಿನೀರು ಕೊಡ್ತೀರಾ?"

ತರಗತಿ ಗೊಳ್ಳೆಂದಿತು. ಮೇಷ್ಟ್ರು ಬೆತ್ತಕ್ಕೆ ಕೈಹಾಕಿದರು. ಭಾಷಣಕಾರರು ಅವರನ್ನು ತಡೆದು, "ಯಾಕೆ ಕೊಡಬಾರ್ದು? ಇವತ್ತೇ ಬಂದು ಮೀಯ್ಲಿ," ಎಂದರು. ಅಷ್ಟು ಜನರೆದುರು ಇನ್ನೇನು ಹೇಳಿಯಾರು?

ಸಂಜೆ ಅಪ್ಪ ಒಲ್ಲೆನೆಂದ. ನಾನೇ ಕೈಹಿಡಿದು ಬಚ್ಚಲ ಬಾಗಿಲವರೆಗೆ ಎಳೆದೊಯ್ದೆ. ಗೆದ್ದ ಸೊಕ್ಕು ನನಗೆ. ಒಳಗೆ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಹೊರಬಂದ ಅಪ್ಪ ಕಾಲೆಳೆಯದೆ ನಡೆದ.

ಜಗಲಿಯಿಂದ ಒಡತಿ ಕೂಗಿದರು: "ಮಿಂದಾಯ್ತನಾ? ಇನ್ನು ಹಂಡೆ ನೀರಷ್ಟೂ ಚೆಲ್ಲು. ಹುಣಸೆಹಣ್ಣು ಹಾಕಿ ಉಜ್ಜಿಡು. ಹೊಸ ನೀರು ನಾವೇ ತುಂಬ್ಕೊಳ್ತೀವಿ."

ನಾಗರಿಕತೆಯ ಮಹಾಶಯರು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು. ಲೋಟ ಚಾಚಿ ಇನ್ನಷ್ಟು ಹಾಕಿಸಿಕೊಂಡರು.

ಹಬೆಯಾಡುವ ನೀರನ್ನು ಅಪ್ಪ ಚೆಂಬು ಚೆಂಬಾಗಿ ಮೊಗೆದು ಚೆಲ್ಲಿದ. ಆಮೇಲೆ ಊದಿದ ಮಂಡಿಯೂರಿ ಉಜ್ಜತೊಡಗಿದ. ಮೈಗೆಲ್ಲ ಮಸಿ ಹತ್ತಿತು. ನಾನು ಕೈಜೋಡಿಸಲು ಹೋದರೆ ತಳ್ಳಿದ.

"ನೀನು ಕೇಳಿದ್ದು ನಂಗಾಗಿ ಅಲ್ಲ ಮಾರಾಯ್ತಿ. ಅವ್ರ ಮಾನ ಕಳೆಯಕ್ಕೆ. ಹೋಗಿದ್ದು ನಂದು."

ಆಮೇಲೆ ಅಪ್ಪ ತಣ್ಣೀರಿನಲ್ಲೇ ಮಿಂದ. ನಾನು ಕಾಯಿಸಿಟ್ಟ ನಾಲ್ಕು ಚೆಂಬನ್ನೂ ಸಾಯುವವರೆಗೆ ಮುಟ್ಟಲಿಲ್ಲ.