ನೀಲವ್ವನ ಹನ್ನೆರಡು ಮಂದಿಯ ಅಡಿಗೆ

ಮನೆಯಲ್ಲಿದ್ದವಳು ನೀಲವ್ವ ಒಬ್ಬಳೇ. ಆದರೆ ಹುನಗುಂದದ ಸಂತೆಗೆ ಒಳ್ಳೆಯ ಟಮಾಟಿ ಹಣ್ಣು ಬಂತೆಂದರೆ ಆಕೆ ಹನ್ನೆರಡು ಮಂದಿಗೆ ಸಾಲುವಷ್ಟು ಅಡಿಗೆ ಮಾಡುತ್ತಿದ್ದಳು. ಹತ್ತು ಮಂದಿಗಲ್ಲ, ಹದಿನೈದು ಮಂದಿಗಲ್ಲ. "ಚೀಟ್ಯಾಗ ಹನ್ನೆರಡು ಮಂದಿ ಅಂತ ಬರದೈತ್ರಿ ಅಕ್ಕೋರ. ಕಡಿಮಿ ಮಾಡಾಕ ಹ್ವಾದ್ರ ಅಳತಿ ತಪ್ಪತೈತಿ," ಎನ್ನುತ್ತಿದ್ದಳು. ಹಿತ್ತಲಲ್ಲಿ ಕೆಂಡ ಹರಡಿ, ಹಿತ್ತಾಳೆಯ ದೊಡ್ಡ ಪರಾತವನ್ನು ಅದರ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದಳು. ಕೈತುಂಬ ಹಸಿರು ಬಳೆ, ಹಣೆಯ ಮೇಲೆ ಅಗಲವಾದ ಕುಂಕುಮ. ದೂರದಿಂದ ನೋಡಿದವರಿಗೆ ಒಳಗೆ ತುಂಬಿದ ಸಂಸಾರವಿದೆ ಅನಿಸಬೇಕು.

ನಾನು ಆ ಮನೆಗೆ ಬಾಡಿಗೆಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬಾಗಲಕೋಟೆಯಿಂದ ನನ್ನನ್ನು ಬಿಡಲು ಬಂದ ಅವ್ವ, ಮುಂದಿನ ಕೋಣೆಯಲ್ಲಿ ನನ್ನ ಒಲೆ ಹೂಡಿ, ದೇವರ ಮೇಲೆ ಆಣೆ ಹಾಕಿಸಿದ್ದಳು: "ಹಸಿವಿ ಆದ್ರ ಅವಲಕ್ಕಿ ತಿನ್ನು. ಮಂದಿ ಕೈಯಾಗಿಂದು ತಿನಬ್ಯಾಡ." ಹಾಗಾಗಿ ಒಂದೇ ಗೋಡೆಯ ಎರಡು ಬದಿಗೆ ಎರಡು ಒಲೆಗಳು ಹೊತ್ತುತ್ತಿದ್ದವು. ಮೊದಲ ಎರಡು ತಿಂಗಳು ಒಬ್ಬರ ಪಾತ್ರೆಯ ಸದ್ದನ್ನು ಇನ್ನೊಬ್ಬರು ಕೇಳುತ್ತ ಉಂಡೆವು.

ನೀಲವ್ವನ ಗಂಡ ಸಂಗಪ್ಪ ಯುದ್ಧದ ಕಾಲದಲ್ಲಿ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದವನು. ಬಂದೂಕಿಗಿಂತ ಸೌಟು ಹಿಡಿಯುವುದರಲ್ಲಿ ಅವನ ಕೈ ಚುರುಕೆಂದು ಲಂಗರಿಗೆ, ಅಂದರೆ ಸಿಪಾಯಿಗಳ ಅಡಿಗೆಮನೆಗೆ, ಹಾಕಿದರಂತೆ. ಅಲ್ಲಿಂದ ಹಡಗು ಹತ್ತಿ ಇಟಲಿಗೆ ಹೋದ. ನಾಲ್ಕೈದು ಪತ್ರ ಬಂದವು. ಆಮೇಲೆ ಸರಕಾರದ ಒಂದು ಕಾಗದ ಬಂತು. ಸತ್ತಿದ್ದಾನೆ ಅಂತ ಅದರಲ್ಲಿ ಇರಲಿಲ್ಲ. ಕಾಣೆಯಾಗಿದ್ದಾನೆ ಅಂತ ಇತ್ತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ನಾನು ಹೋಗುವಷ್ಟರಲ್ಲಿ ಎಂಟೊಂಬತ್ತು ವರ್ಷ ಕಳೆದಿದ್ದವು. ಕಾಗದದಲ್ಲಿದ್ದ ಆ ಒಂದು ಮಾತು ನೀಲವ್ವನನ್ನು ಎಲ್ಲಿಯೂ ಸೇರದಂತೆ ಮಾಡಿಬಿಟ್ಟಿತ್ತು. ಶಾವಿಗೆ ಹೊಸೆಯುವುದರಲ್ಲಿ, ಪಾಯಸಕ್ಕೆ ಹಾಕುವ ಗೋಧಿಹಿಟ್ಟಿನ ಗವಲಿ ಮಾಡುವುದರಲ್ಲಿ ಊರಿಗೆ ಅವಳೇ ಕೈ. ಅಕ್ಕಿಕಾಳಿನಷ್ಟು ಸಣ್ಣ ಗವಲಿ ಅವಳ ಬೆರಳ ತುದಿಯಿಂದ ಮಳೆಹನಿಯಂತೆ ಉದುರುತ್ತಿತ್ತು. ಮದುವೆ ಮನೆಯವರು ತಿಂಗಳ ಮೊದಲೇ ಕರೆಯುತ್ತಿದ್ದರು. ಆದರೆ ಮದುವೆಯ ದಿನ ಮುತ್ತೈದೆಯರಿಗೆ ಉಡಿ ತುಂಬುವ ಹೊತ್ತಿಗೆ ಅವಳ ಮುಂದೆ ಬಂದವರ ಕೈ ಸ್ವಲ್ಪ ತಡೆಯುತ್ತಿತ್ತು. ಆ ತಡೆಯುವ ಕೈಯನ್ನು ನೋಡಬಾರದೆಂದು ಆಕೆ ಮೊದಲೇ ಎದ್ದು ಬಂದುಬಿಡುತ್ತಿದ್ದಳು. "ಅವರ ತಪ್ಪಲ್ಲರಿ. ಅವರಿಗೂ ತಿಳೀವಲ್ದು," ಎಂದಷ್ಟೇ ಹೇಳಿದ್ದಳು ಒಮ್ಮೆ.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕೋರ, ಒಂದು ಚೀಟಿ ಓದತೀರೇನ್ರಿ? ಮಂದೀ ಕಡಿಂದ ಓದಿಸಿ ಓದಿಸಿ ಬಾಯಿಪಾಠ ಆಗೈತಿ. ಆದ್ರೂ ಒಬ್ಬೊಬ್ಬರು ಒಂದೊಂದು ಮಾತು ಬಿಟ್ಟು ಓದತಾರ."

ಅದು ಸಂಗಪ್ಪನ ಕೊನೆಯ ಪತ್ರ. ಮಡಿಕೆಗಳಲ್ಲಿ ಹರಿದು, ಗಂಜಿ ಹಚ್ಚಿದ ಬಟ್ಟೆಯ ಮೇಲೆ ಅಂಟಿಸಿಟ್ಟಿದ್ದಳು. ನಾನು ಓದಿದೆ.

"ನಾ ಕ್ಷೇಮ. ಇಲ್ಲಿ ಥಂಡಿ ಭಾಳ. ನಮ್ಮ ಬಾಜೂಕ ಅಮೇರಿಕಾದವರ ಲಂಗರ ಐತಿ. ಅಲ್ಲಿ ಅಡಿಗಿ ಮಾಡಾಂವ ಹುಟ್ಟಿದ್ದು ಅಮೇರಿಕಾದಾಗ, ಅವರವ್ವ ಅಪ್ಪ ಈ ಇಟಲಿ ದೇಶದವರು. ಅವ್ವ ಕಲಿಸಿದ ಅಡಿಗಿ ಅಂತ ಒಂದು ಮಾಡ್ತಾನ. ನಮ್ಮ ಜವಿಗೋದಿಯಂಥಾ ಗೋದಿ. ಹಿಟ್ಟು ಗಟ್ಟಿ ನಾದಿ ಕೊಳವಿ ಮಾಡ್ತಾರ. ನಿನ್ನ ಗವಲಿ ನೆನಪಾತು. ಕುದಿಸಿ, ಟಮಾಟಿ ಬಳ್ಳೊಳ್ಳಿ ರಸದಾಗ ಹೊಳ್ಳಾಡಿಸಿ, ದೊಡ್ಡ ತಾಟಿನ್ಯಾಗ ಪದರ ಪದರ ಹಾಕಿ ಬೆಂಕ್ಯಾಗ ಇಡ್ತಾರ. ಮ್ಯಾಲ ಕೆಂಪಗ ಆಗಬೇಕು, ಒಳಗ ಮೆತ್ತಗ ಇರಬೇಕು. ಅವರು ಮಾಂಸ ಹಾಕ್ತಾರ. ನಾ ಒಲ್ಲೆ ಅಂದದ್ದಕ್ಕ ನನಗ ಬ್ಯಾರೆ ಬದನಿಕಾಯಿ ಹಾಕಿ ಕೊಟ್ಟ. ಕಡೀಕ ಮ್ಯಾಲ..."

ಇಲ್ಲಿ ಒಂದು ಮಾತಿನ ಮೇಲೆ ದಪ್ಪಗೆ ಕರಿ ಮಸಿ ಬಳಿದಿತ್ತು. ಆಮೇಲೆ, "...ಗಿಣ್ಣ ಹೆರದು ಹಾಕ್ತಾರ. ಅದರಿಂದನ ರುಚಿ. ಒಂದು ತಾಟು ಹನ್ನೆರಡು ಮಂದಿಗೆ ಆಗ್ತೈತಿ. ಬಂದ ಮ್ಯಾಲ ನಿನಗ ಮಾಡಿ ಉಣಸ್ತೇನಿ."

"ಆ ಮಸಿ ಕೆಳಗ ಏನೈತ್ರಿ?" ಎಂದಳು. ನಾನು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. "ಎಲ್ಲಾರೂ ಇದ ಹೇಳ್ತಾರ," ಎಂದು ಚೀಟಿ ಮಡಿಚಿದಳು. "ಗಿಣ್ಣದಾಗ ಏನೋ ಕೂಡಸ್ತಾರ್ರಿ. ಅದರ ಹೆಸರು ಅಳಸ್ಯಾರ. ಇನ್ನೊಂದು ಸಾರಿ ನೋಡೂನು."

'ಇನ್ನೊಂದು ಸಾರಿ ನೋಡೂನು' ಅವಳ ಮಾತಿನ ಗುರುತೇ ಆಗಿತ್ತು. ಜವೆಗೋಧಿಯ ಹಿಟ್ಟನ್ನು ನಾದಿ, ಮುರಿದ ಛತ್ರಿಯ ಕಡ್ಡಿಗೆ ಸುತ್ತಿ, ಮೆಲ್ಲಗೆ ಎಳೆದು ಕೊಳವೆ ಮಾಡುತ್ತಿದ್ದಳು. ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸುತ್ತಿದ್ದಳು. ಗಿಣ್ಣಕ್ಕೆಂದು ಕುರುಬರ ಮನೆಯಿಂದ ಕುರಿಹಾಲು ತಂದು, ಒಡೆಸಿ, ಉಪ್ಪು ಹಾಕಿ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿಡುತ್ತಿದ್ದಳು. ಮಸಿಯ ಕೆಳಗಿನ ವಸ್ತು ಮಾತ್ರ ಪ್ರತಿ ಸಲ ಬೇರೆ. ಒಮ್ಮೆ ಗಸಗಸೆ, ಒಮ್ಮೆ ಗುರೆಳ್ಳು ಪುಡಿ, ಒಮ್ಮೆ ಒಣಕೊಬ್ಬರಿ. ಅವಳು ಆ ಅಡಿಗೆಯನ್ನು ಕಂಡವಳಲ್ಲ, ತಿಂದವಳಲ್ಲ. ಸರಿಯಾಯಿತೋ ಇಲ್ಲವೋ ಹೇಳುವವನು ಒಬ್ಬನೇ, ಅವನು ಬರಲಿಲ್ಲ.

ಗುರೆಳ್ಳು ಹಾಕಿದ ಸಲ ಒಂದು ತಾಟು ತಂದು ನನ್ನ ಹೊಸ್ತಿಲ ಆಚೆ ಇಟ್ಟು ನಿಂತಳು. "ನೀವು ಉಣ್ಣೂದಿಲ್ಲಂತ ಗೊತ್ತೈತ್ರಿ. ವಾಸನಿ ನೋಡಿ ಹೇಳ್ರಿ, ಸಾಕು." ಹುರಿದ ಬದನೆಕಾಯಿ, ಬೆಂದ ಟಮಾಟಿ, ಅಂಚಿನಲ್ಲಿ ಕೆಂಪಗೆ ಹತ್ತಿದ ಗೋಧಿಯ ವಾಸನೆ. ಅವತ್ತು ಸಾಲೆಯಿಂದ ಬಂದು ನಾನು ಒಲೆ ಹೊತ್ತಿಸಿರಲಿಲ್ಲ. ಒಬ್ಬಳಿಗಾಗಿ ಅನ್ನ ಇಡುವುದು ಬೇಸರ ಬಂದಿತ್ತು. ಅವ್ವನ ಆಣೆ ನೆನಪಿದ್ದೇ ತಾಟು ಎಳೆದುಕೊಂಡೆ. ನಾನು ಉಂಡು ಮುಗಿಸುವ ತನಕ ನೀಲವ್ವ ಹೊಸ್ತಿಲಿನ ಆಚೆ ಕೂತು ನನ್ನ ಮುಖವನ್ನೇ ನೋಡಿದಳು.

ಉಳಿದದ್ದನ್ನು ಓಣಿಯ ಮನೆಗಳಿಗೆ ಹಂಚುತ್ತಿದ್ದಳು. ಅವರು ಎದುರಿಗೆ ಇಸಕೊಂಡು ಹಿಂದಿನಿಂದ ಎಮ್ಮೆಗೆ ಹಾಕುತ್ತಿದ್ದರು. ಒಂದು ದಿನ ಖಾಲಿ ತಾಟು ತರಲು ಹೋದವಳು ಗೋದಲಿಯಲ್ಲಿ ತನ್ನ ಕೊಳವೆಗಳನ್ನು ಕಂಡಳು. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಎಮ್ಮಿ ನಿಂತು ತಿಂತ್ರಿ. ಮೂಸಿ ಬಿಡಲಿಲ್ಲ." ಇಬ್ಬರೂ ನಕ್ಕೆವು. ಮೊದಲು ನಗು ನಿಲ್ಲಿಸಿದವಳು ಅವಳು.

ಮೂರನೆಯ ವರ್ಷ ಸಾಲೆಯ ಹುಡುಗಿಯರನ್ನು ಪಟ್ಟದಕಲ್ಲು, ಬಾದಾಮಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಬಾದಾಮಿಯಲ್ಲಿ ಕುಡಿಯುವ ನೀರು ಕೇಳಲೆಂದು ಪ್ರವಾಸಿಗಳ ಬಂಗಲೆಯ ಹಿಂಬದಿಗೆ ಹೋದೆ. ಅಡಿಗೆಮನೆಯಿಂದ ಬಂದ ವಾಸನೆಗೆ ಕಾಲು ನಿಂತವು. ನೀಲವ್ವನ ಹಿತ್ತಲಿನ ವಾಸನೆ. ಐವತ್ತರ ಆಸುಪಾಸಿನ, ಕುಂಟುವ ಒಬ್ಬ ಮನುಷ್ಯ ತಗಡಿನ ಪೆಟ್ಟಿಗೆಯ ಮೇಲೆ ಕೆಂಡ ಹರಡುತ್ತಿದ್ದ.

"ಏನ್ ಮಾಡ್ಲಿಕ್ಕತ್ತೀರಿ?" ಎಂದೆ.

"ಮ್ಯಾಕರೋನಿ ರೀ ಬಾಯಾರ. ಪರದೇಶದ ಸಾಹೇಬರು ಬರೂವವರದಾರ. ನಾ ಲಡಾಯಿಗೆ ಹ್ವಾದಾಗ ಇಟಲಿ ಲಂಗರದಾಗ ಕಲತದ್ದು."

ಅವನ ಹೆಸರು ಹನಮಂತಪ್ಪ, ಊರು ಬೇವೂರು. ಸಂಗಪ್ಪನ ಹೆಸರನ್ನು ಅವನು ಕೇಳಿರಲಿಲ್ಲ, ಬೇರೆ ಪಲ್ಟನ್. ಪತ್ರದ ವಿಷಯ ಹೇಳಿ, ಮಸಿಯ ಕೆಳಗೆ ಏನಿರಬಹುದೆಂದು ಕೇಳಿದೆ. ಅವನು ಇಕ್ಕಳ ಕೆಳಗಿಟ್ಟ.

"ಬಾಯಾರ, ನಮ್ಮ ಚೀಟಿ ಎಲ್ಲಾ ಸಾಹೇಬರು ಓದಿ ಕಳಸ್ತಿದ್ರು. ಊರ ಹೆಸರು ಬರದ್ರ ಮಸಿ ಬಡೀತಿದ್ರು, ಪಲ್ಟನ್ ಎಲ್ಲೈತಿ ಅಂತ ದುಶ್ಮನ್‌ಗ ಗೊತ್ತಾಗಬಾರದಂತ. ತಿನ್ನೂ ಪದಾರ್ಥಕ್ಕ ಯಾರು ಮಸಿ ಬಡೀತಾರ್ರಿ? ನಮ್ಮಲ್ಲಿ ಇಳಕಲ್ಲ ಸೀರಿ, ಅಮೀನಗಡದ ಕರದಂಟು ಅಂದಂಗ ಅಲ್ಲಿ ಗಿಣ್ಣಕ್ಕ, ಚೀಜ್ ಅಂತಾರಲ್ರಿ ಅದಕ್ಕ, ಊರಿನ ಹೆಸರು. ಅವರು ಇದ್ದ ಊರಿನ ಗಿಣ್ಣ ಅಂತ ಬರದಿರಬೇಕು."

ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿಯರು ಹಾಡುತ್ತಿದ್ದರು. ನನಗೆ ಒಂದು ಹಾಡೂ ಕಿವಿಗೆ ಬೀಳಲಿಲ್ಲ. ಇಷ್ಟು ವರ್ಷ ಅವಳು ಹುಡುಕಿದ ವಸ್ತು ಇರಲೇ ಇಲ್ಲ. ಇದನ್ನು ಹೇಳಿದರೆ ಇನ್ನೊಂದು ಸಾರಿ ನೋಡಲು ಅವಳಿಗೆ ಏನು ಉಳಿಯುತ್ತದೆ? ಎಂಟು ದಿನ ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಸಂತೆ. ನೀಲವ್ವ ಟಮಾಟಿ ಹೆಚ್ಚುತ್ತ ಕೇಳಿದಳು: "ಈ ಸಲ ಅಗಸಿ ಹುರದು ಹಾಕೂನೇನ್ರಿ?" ಆ ಕೇಳುವ ಮುಖ ನೋಡಿ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಈಳಿಗೆಯ ಮೇಲಿನ ಅವಳ ಕೈ ನಿಂತಿತು. "ಹಂಗಾರ ಅಡಿಗಿ ಮದಲಿಂದ ಬರೋಬ್ಬರಿ ಇತ್ತು," ಎಂದಳು. ಹೆಚ್ಚಿದ ಟಮಾಟಿಯನ್ನು ಬದಿಗೆ ಸರಿಸಿ, "ಹಂಗಾರ ಅದು ಅವರಿದ್ದ ಊರು," ಎಂದಳು. ಎದ್ದುಹೋಗಿ ಪತ್ರ ತಂದಳು. "ಓದ್ರಿ."

ಅಂಗಳಕ್ಕೆ ಬಂದು, ಅಂಟಿಸಿದ ಬಟ್ಟೆಯಿಂದ ಆ ತುಣುಕನ್ನು ನೀರು ಹಚ್ಚಿ ಬಿಡಿಸಿ, ಬಿಸಿಲಿಗೆ ಹಿಡಿದೆ. ಮಸಿ ಮಸಿಯೇ. ಆ ಎಂಟು ದಿನ ನಾನು ಸಾಲೆಯ ಭೂಪಟದಲ್ಲಿ ಇಟಲಿಯ ಊರುಗಳನ್ನು ಒಂದೊಂದಾಗಿ ಓದಿಟ್ಟುಕೊಂಡಿದ್ದೆ. ಒಂದು ಹೆಸರು ನಾಲಿಗೆಯ ತುದಿಗೇ ಬಂದಿತ್ತು. ಹೇಳಿಬಿಟ್ಟರೆ ಅವಳಿಗೊಂದು ಊರಾದರೂ ಸಿಗುತ್ತಿತ್ತು. ನೀಲವ್ವ ನನ್ನ ಮುಖ ನೋಡಿದಳು.

"ಓದಾಕ ಬರವಲ್ದಂದ್ರ ಬಿಡ್ರಿ ಅಕ್ಕೋರ. ಬಾಯಿಗೆ ಬಂದ ಊರು ಹೇಳಬ್ಯಾಡ್ರಿ. ಆ ಮನಶ್ಯಾಗ ಬರಾಕ ಹೇಳ್ರಿ."

ನಾನು ಕಾರ್ಡು ಬರೆದೆ. ಒಂದು ರವಿವಾರ ಹನಮಂತಪ್ಪ ಬಸ್ಸಿಳಿದು ಬಂದ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು. ಅವತ್ತು ನೀಲವ್ವ ಗಸಗಸೆ, ಅಗಸೆ ಏನನ್ನೂ ಹಾಕಲಿಲ್ಲ. ಚೀಟಿಯಲ್ಲಿ ಇದ್ದಷ್ಟನ್ನೇ ಮಾಡಿದಳು. ಅವನು ಉಂಡ. ಇನ್ನೊಮ್ಮೆ ಹಾಕಿಸಿಕೊಂಡ. ಆಮೇಲೆ ಹೇಳಿದ:

"ತಂಗೆವ್ವಾ, ಇದ. ಗಿಣ್ಣ ಒಂದು ಬ್ಯಾರೆ, ಅದು ಈ ದೇಶದಾಗ ಸಿಗೂದಿಲ್ಲ. ಉಳದದ್ದೆಲ್ಲಾ ಇದ."

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಕಾಣವಲ್ಲರು ಅಂತ ಕಾಗದ ಬಂದ್ರ, ಅಲ್ಲಿ ಏನಾಗಿರ್ತೈತ್ರಿ ಅಣ್ಣಾ? ಖರೆ ಹೇಳ್ರಿ."

ಹನಮಂತಪ್ಪ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಹೊಳಿ ಭಾಳ ಇದ್ದುವವ್ವಾ. ಥಂಡ್ಯಾಗ ತುಂಬಿ ಹರೀತಿದ್ದುವು. ದಾಟೂವಾಗ ಹ್ವಾದವರು ಸಿಗ್ತಿದ್ದಿಲ್ಲ. ಅಂಥವರಿಗೆ ಹಂಗ ಬರೀತಿದ್ರು. ದುಶ್ಮನ್ ಹಿಡದು ಕೈದಾಗ ಇಟ್ಟವರೂ ಲಡಾಯಿ ಮುಗದ ಮ್ಯಾಲ ಹೊಳ್ಳಿ ಬಂದ್ರು." ತಾಟು ಬದಿಗೆ ಸರಿಸಿ ಹೇಳಿದ: "ಬರೂವವರೆಲ್ಲಾ ಬಂದ್ರವ್ವಾ."

"ಅವರಿಗೆ ಈಸಾಕ ಬರತಿದ್ದಿಲ್ಲ," ಎಂದಳು ನೀಲವ್ವ. ಆಮೇಲೆ ಪರಾತದ ಹತ್ತಿರ ಕೂತು ಸೌಟು ಹಿಡಿದಳು. "ಇನ್ನೊಂದಿಷ್ಟು ಉಣ್ರಿ ಅಣ್ಣಾ. ಹನ್ನೆರಡು ಮಂದಿದು ಐತಿ."

ಮರುದಿನ ಬೆಳಗ್ಗೆ ನಾನು ನೀರು ಸೇದಲು ಹೋದಾಗ ಅವಳು ಬಚ್ಚಲ ಕಟ್ಟೆಯ ಮೇಲೆ ಕೂತಿದ್ದಳು. ಹಣೆ ಖಾಲಿ. ಬಳೆಗಳನ್ನು ಒಡೆಯಲು ಯಾರನ್ನೂ ಕರೆದಿರಲಿಲ್ಲ; ಸಾಬೂನು ಹಚ್ಚಿ ಒಂದೊಂದಾಗಿ ತಾನೇ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಸುದ್ದಿ ತಿಳಿದು ಓಣಿಯ ಹೆಂಗಸರು ಅಳಲು ಬಂದರು. ಅವರಿಗೆಲ್ಲ ನೀರು ಕೊಟ್ಟು, "ಈಗೇನು ಅಳತೀರವ್ವಾ. ನಾ ದಿನಾ ಒಂದಿಷ್ಟು ಅತ್ತು ಮುಗಿಸೇನಿ," ಎಂದು ಕಳಿಸಿದಳು.

ಆ ಅಡಿಗೆಯನ್ನು ಮತ್ತೆ ಮಾಡಲಿಲ್ಲ. ಮುಂದಿನ ಸುಗ್ಗಿಗೆ ಹೊಸ ಗೋಧಿ ಬಂದಾಗ ನಾನೇ ಕೇಳಿದೆ. "ಇನ್ನ ಯಾರಿಗ್ರಿ?" ಎಂದಳು. 'ನನಗ' ಎನ್ನಬೇಕೆಂದು ಬಾಯಿ ತೆರೆದೆ. ಮೂರು ವರ್ಷ ಅವಳ ಪರಾತದಿಂದ ಉಂಡಿದ್ದೆ. ಅದು ನನಗೆ ಎಷ್ಟು ಸೇರುತ್ತದೆಂದು ಒಮ್ಮೆಯೂ ಹೇಳಿರಲಿಲ್ಲ. ಅವತ್ತೂ ಹೇಳಲಾಗಲಿಲ್ಲ. ಆಮೇಲೆ ಗೋಡೆಯ ಆಚೆಯಿಂದ ಒಂದೇ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಬೇಗ ಶುರುವಾಗಿ ಬೇಗ ಮುಗಿಯುತ್ತಿತ್ತು.

ಮರುವರ್ಷ ನನಗೆ ಬಾಗಲಕೋಟೆಗೆ ವರ್ಗವಾಯಿತು. ಆಗಾಗ ಪತ್ರ ಬರೆಯುತ್ತಿದ್ದೆ. ಓಣಿಯ ಯಾವುದೋ ಹುಡುಗಿ ಓದಿ ಹೇಳಬೇಕಲ್ಲ ಎಂದು ಮಳೆ, ಬಿಸಿಲು, ಅವ್ವನ ಮೊಣಕಾಲು ನೋವು ಇಷ್ಟೇ ಬರೆಯುತ್ತಿದ್ದೆ. ಗುಂಡಗಿನ ಸಾಲೆಯ ಅಕ್ಷರದಲ್ಲಿ ಉತ್ತರ ಬರುತ್ತಿತ್ತು: 'ನೀಲವ್ವನವರು ಆರಾಮ ಇದ್ದಾರೆ. ನಿಮಗೆ ಆರಾಮ ಇರಲು ಹೇಳಿದ್ದಾರೆ.' ಒಂದು ಮಳೆಗಾಲದ ಮೇಲೆ ಉತ್ತರ ನಿಂತಿತು. ರಜೆಯಲ್ಲಿ ಹೋದೆ. ಮನೆಗೆ ಕೀಲಿ. ಜ್ವರ ಬಂದು ತಂಗಿಯ ಊರು ಮರೋಳಕ್ಕೆ ಹೋದವಳು ಅಲ್ಲಿಯೇ ತೀರಿಕೊಂಡಳೆಂದು ಎದುರಿನ ಮನೆಯವರು ಹೇಳಿದರು.

ಅಲ್ಲಿಂದಲೇ ಮರೋಳಕ್ಕೆ ಹೋದೆ. ತಂಗಿಯ ಗಂಡ ನನ್ನನ್ನು ಹೊಲದ ಅಂಚಿಗೆ ಕರೆದುಕೊಂಡು ಹೋಗಿ ಮಣ್ಣು ಕೊಟ್ಟ ಜಾಗ ತೋರಿಸಿದ. ಮಣ್ಣು ಆಗಲೇ ಸಮ ಆಗಿತ್ತು. ಸುತ್ತ ನಾಲ್ಕು ಕಲ್ಲು ಇಟ್ಟಿದ್ದರು. ನಾನು ಅಷ್ಟು ಹೊತ್ತು ನಿಂತದ್ದನ್ನು ಕಂಡು ಅವನು ಸಂಕೋಚದಿಂದ ಕೇಳಿದ:

"ನೀವು ನಮ್ಮ ಅಕ್ಕಗ ಏನಾಗಬೇಕ್ರಿ?"

ಹೊಲದಾಚೆ ಯಾರೋ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಅವರು ದಾಟಿಹೋಗುವ ತನಕ ನೋಡಿದೆ.

"ಅವರ ಮನ್ಯಾಗ ಬಾಡಿಗಿ ಇದ್ದೆ," ಎಂದೆ.