ಬುರುಲಳ ಬಾಯಿಗೆ ಬಾರದ ಹೆಸರು

ನಮ್ಮ ಬುರುಲ್ ಸೊಸೆಯಾಗಿ ಈ ಊರಿಗೆ ಬಂದು ಮೂವತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಕಲ್ಲು ಎಂಬ ಮಾತಾಗಲಿ ಕಬ್ಬಿಣ ಎಂಬ ಮಾತಾಗಲಿ ಬಂದಿಲ್ಲ. ಮಾವನ ಹೆಸರು ತಾಶ್‌ತೆಮಿರ್. ತಾಶ್ ಎಂದರೆ ಕಲ್ಲು, ತೆಮಿರ್ ಎಂದರೆ ಕಬ್ಬಿಣ. ಮಾವನ ಹೆಸರನ್ನು ಕಿರ್ಗಿಜ್ ಸೊಸೆ ಆಡುವ ಹಾಗಿಲ್ಲ, ಅದರೊಳಗಿನ ಮಾತನ್ನೂ ಆಡುವ ಹಾಗಿಲ್ಲ. ಅವಳಿಗೆ ಕಲ್ಲು ‘ಗಟ್ಟಿಯದು’, ಕಬ್ಬಿಣ ‘ತಣ್ಣಗಿರೋದು’. “ಗುಲ್ಸಾನ್ ಎಜೆ, ನಿಮ್ಮ ತಣ್ಣಗಿರೋ ಬಾಣಲೆ ಕೊಡಿ, ಒಲೆ ಮೇಲಿಡ್ಬೇಕು” ಎಂದರೆ ನಾನೇ ಅರ್ಥ ಮಾಡಿಕೊಳ್ಳಬೇಕು. ಎಜೆ ಎಂದರೆ ಅಕ್ಕ, ನೆರೆಯವಳಾದ ನನ್ನನ್ನು ಹಾಗೇ ಕರೆಯುತ್ತಾಳೆ.

ಗ್ರಾಮ ಕಚೇರಿಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ಮಾವನಿಗೇನಾದರೂ ಆಗಬೇಕಿದ್ದರೆ ಬುರುಲ್ ಬಂದು ಮನೆಯ ಕಡೆಗೆ ಗದ್ದ ತೋರಿಸುತ್ತಿದ್ದಳು, ನಾನು ಹೆಸರು ಬರೆಯುತ್ತಿದ್ದೆ. ಈ ವಸಂತದಲ್ಲಿ ನನ್ನ ರಿಜಿಸ್ಟರುಗಳನ್ನು ಟ್ರಂಕಿಗೆ ತುಂಬಿ, ಮೇಜಿನ ಮೇಲೆ ಕಣ್ಣು, ಮುಖ, ದನಿ ನೋಡಿ ಜನರನ್ನು ಗುರುತಿಸುವ ಒಂದು ಯಂತ್ರ ತಂದಿಟ್ಟರು. ಅರ್ಧ ದಿನ ತರಬೇತಿಯೂ ಆಯಿತು. ಹಸಿರು ಬಂದರೆ ಒಳ್ಳೆಯದು, ಕೆಂಪು ಬಂದರೆ ಕೆಟ್ಟದ್ದು ಎನ್ನುವುದಷ್ಟೇ ನನ್ನ ತಲೆಗೆ ಹೋದದ್ದು.

ತಾಶ್‌ತೆಮಿರ್ ಅವರಿಗೆ ಎಂಬತ್ತೊಂದು, ಊರಿಗೆಲ್ಲ ಅವರು ಅತಾ, ಅಂದರೆ ಅಪ್ಪ. ಒಂದು ಕಣ್ಣು ಎಂದೋ ಹೋಗಿದೆ, ಇನ್ನೊಂದಕ್ಕೆ ಪೊರೆ. ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಸರದಿ ಸಿಕ್ಕಿತ್ತು. ಶುಕ್ರವಾರ ಸಂಜೆ ಐದರೊಳಗೆ ಯಂತ್ರದಲ್ಲಿ ಒಪ್ಪಿಗೆ ಕೊಡದಿದ್ದರೆ ಮುಂದಿನ ಸರದಿ ಒಂದು ವರ್ಷಕ್ಕೆ. ಅಲ್ಲಿಯವರೆಗೆ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಬುರುಲಳ ಗಂಡ ಕುರಿಗಳ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿದ್ದ, ಅಲ್ಲಿ ಫೋನು ಸಿಗುವುದಿಲ್ಲ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಮಾವನ ಕೈ ಹಿಡಿದು ಅವಳೇ ಬಂದಳು.

ಅತಾ ಅವರನ್ನು ಯಂತ್ರದ ಮುಂದೆ ಕೂರಿಸಿದೆ. “ಕಣ್ಣು ಗುರುತಾಗಲಿಲ್ಲ” ಎಂದಿತು.

“ಕಣ್ಣು ಸರಿ ಇದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ರು?” ಎಂದು ಬೈದೆ. ಅದಕ್ಕೆ ಕಿವಿ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಮತ್ತೊಂದು ಗುಂಡಿ ಒತ್ತಿದೆ. ಮನೆಯವರೊಬ್ಬರು ಎದುರು ನಿಂತು ರೋಗಿಯ ಹೆಸರು ಹೇಳಬೇಕಂತೆ. ಬುರುಲ್ ನಿಂತಳು. ಅಭ್ಯಾಸಬಲದಿಂದ ಮಾವನ ಕಡೆ ಗದ್ದ ತೋರಿಸಿದಳು.

“ಬಾಯಲ್ಲಿ ಹೇಳೇ.”

“ನೀವೇ ಹೇಳಿ, ಎಜೆ.”

ನಾನು ಅವಳ ಬೆನ್ನ ಹಿಂದೆ ನಿಂತು ಹೇಳಿದೆ. “ಮುಖಕ್ಕೂ ದನಿಗೂ ಹೊಂದಿಕೆಯಿಲ್ಲ.” ಕೆಂಪು.

ಆಮೇಲೆ ಅವಳು ತಲೆವಸ್ತ್ರದ ಅಂಚು ಹಿಂಡುತ್ತ ತಾನೇ ಹೇಳಿದಳು: “ಗಟ್ಟಿ... ತಣ್ಣಗೆ.”

“ಈ ಹೆಸರಿನವರು ಯಾರೂ ಇಲ್ಲ. ಇನ್ನೊಂದೇ ಅವಕಾಶ ಉಳಿದಿದೆ.” ಗಡಿಯಾರದಲ್ಲಿ ನಾಲ್ಕೂವರೆ.

ನನಗೆ ರೇಗಿಹೋಯಿತು. “ಮಾವನ ಕಣ್ಣು ದೊಡ್ಡದೋ, ನಿನ್ನ ಸಂಕೋಚ ದೊಡ್ಡದೋ?”

“ಗೊತ್ತಾಗ್ತಿಲ್ಲ ಎಜೆ” ಎಂದಳು. ಸುಳ್ಳಲ್ಲ, ಪಾಪ. ನನ್ನ ಮಾವ ತೀರಿಕೊಂಡು ಹನ್ನೆರಡು ವರ್ಷವಾಯಿತು, ನಾನೇ ಇವತ್ತಿನವರೆಗೆ ಅವರ ಹೆಸರೆತ್ತಿಲ್ಲ. ಅವಳಿಗೆ ಬುದ್ಧಿ ಹೇಳಲು ನಾನ್ಯಾವ ದೊಡ್ಡವಳು?

ಬೆಂಚಿನ ಮೇಲಿದ್ದ ಅತಾ ಕೆಮ್ಮಿದರು. “ಹೇಳಿಬಿಡು ಮಗಳೇ. ನಿನ್ನ ಮುಖ ನನಗೆ ಕಾಣ್ತಿಲ್ಲ. ಕಾಣದವನ ಮುಂದೆ ಹೇಳಿದ್ರೆ ಎದುರಿಗೆ ಹೇಳಿದ ಹಾಗಲ್ಲ.” ಹೀಗೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡರು.

ಬುರುಲ್ ಕಣ್ಣು ಮುಚ್ಚಿದಳು, ಮತ್ತೆ ತೆರೆದಳು. “ತಾಶ್‌ತೆಮಿರ್” ಎಂದಳು. ಅಷ್ಟು ದೊಡ್ಡ ದನಿ ಅವಳಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಹಸಿರು ಬಂತು. ಆಪರೇಷನ್ ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಎಂಟಕ್ಕೆ. ನಾನು ಖುಷಿಯಿಂದ ಅವಳ ಬೆನ್ನು ತಟ್ಟಿದೆ.

“ಎಜೆ,” ಎಂದು ಪಿಸುಗುಟ್ಟಿದಳು, “ಕಣ್ಣು ಬಂದ ಮೇಲೆ ಅವರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?”

ಅತಾ ಇನ್ನೂ ಕಿವಿಯಿಂದ ಬೆರಳು ತೆಗೆದಿರಲಿಲ್ಲ. ಆಯಿತೆಂದು ಅವರಿಗೆ ತಿಳಿಸಬೇಕಿತ್ತು. ಬುರುಲ್ ಹೋಗಿ ತೋಳು ಮುಟ್ಟಬಹುದಿತ್ತು, ಹೋಗಲಿಲ್ಲ. ನಾನೇ ಹೋಗಿ ಮುಟ್ಟಿದೆ.